ಫಲಕ, ವೀರಗಲ್ಲು ಮತ್ತು ಗಣಿಯ ನೆನಪು: ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಕುರಿತು

ಸ್ಮಾರಕಗಳನ್ನು ಕಾಲನಿರ್ಣಯಕ್ಕೆ ನೆರವಾಗುವ ಆಕರಗಳೆಂದು ಭಾವಿಸುವುದು ವಾಡಿಕೆ. ಆದರೆ ಯಾರನ್ನು ನೆನೆಯಬೇಕು, ಯಾರನ್ನು ಮರೆಯಬಹುದು ಎಂಬ ತೀರ್ಮಾನವೂ ಅವುಗಳಲ್ಲಿ ಅಡಗಿರುತ್ತದೆ. ಕೆ.ಜಿ.ಎಫ್. ಎಂದೇ ಹೆಸರಾದ ಕೋಲಾರ ಚಿನ್ನದ ಗಣಿ ಪ್ರದೇಶವನ್ನು ಈ ನೆಲೆಯಲ್ಲಿ ಪರಿಶೀಲಿಸುವುದು ಅಗತ್ಯ.

ಕೋಲಾರ ಜಿಲ್ಲೆ ವೀರಗಲ್ಲುಗಳ ನೆಲ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ (1905) ಈ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಇಲ್ಲಿನ ಗಂಗ, ಬಾಣ, ನೊಳಂಬರ ಕಾಲದ ಕಲ್ಲುಗಳಲ್ಲಿ ಅರಸನ ಆಳ್ವಿಕೆಯ ಉಲ್ಲೇಖ ಮೊದಲಿಗೆ ಬಂದರೂ, ಕಲ್ಲು ನಿಂತಿರುವುದು ತುರುಗಳನ್ನು ಬಿಡಿಸುವಾಗಲೋ ಊರನ್ನು ಕಾಯುವಾಗಲೋ ಮಡಿದವನಿಗಾಗಿ. ಮಡಿದವನ ಹೆಸರು, ಮಡಿದ ಕಾರಣ, ಕೆಲವೆಡೆ ಅವನ ಮನೆತನಕ್ಕೆ ಬಿಟ್ಟ ಕಲ್ನಾಡು ಅಲ್ಲಿ ದಾಖಲಾಗಿವೆ. ಸಾಮಾನ್ಯನ ಸಾವಿಗೆ ಊರು ಸಲ್ಲಿಸಿದ ಋಣಸಂದಾಯ ಇದು.

ಇದೇ ನೆಲದಲ್ಲಿ ಬೆಳೆದ ಗಣಿನಗರದ ನಾಮಕರಣ ಬೇರೆಯೇ ದಾರಿ ಹಿಡಿಯಿತು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ವಿಸ್ತರಿಸಿದ ಗಣಿಯ ಶಾಫ್ಟ್‌ಗಳು ಗಿಫರ್ಡ್, ಎಡ್ಗರ್, ಹೆನ್ರಿ ಮೊದಲಾದ ಹೆಸರುಗಳನ್ನು ಪಡೆದವು. ಪೇಟೆಗೆ ಬ್ರಿಟಿಷ್ ರೆಸಿಡೆಂಟರಾಗಿದ್ದ ರಾಬರ್ಟ್‌ಸನ್ನರ ಹೆಸರು ಬಂದಿತು. 1802ರಲ್ಲಿ ಗಡಿ ಸಮೀಕ್ಷೆಗೆ ಬಂದಿದ್ದ ಜಾನ್ ವಾರನ್‌ಗೆ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದವರು ಉರಿಗಾಂ ಸುತ್ತಿನ ಹಳ್ಳಿಗರು. ವಾರನ್ ಹೆಸರು ಚರಿತ್ರೆಯಲ್ಲಿ ಉಳಿಯಿತು; ಅವರು ‘ಹಳ್ಳಿಗರು’ ಎಂಬ ಬಹುವಚನವಾಗಿಯೇ ಉಳಿದರು.

ತಂತ್ರಜ್ಞಾನದ ಸಾಧನೆಯನ್ನು ಅಲ್ಲಗಳೆಯುವಂತಿಲ್ಲ. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದುದು, ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಗಣಿ ಇಳಿದುದು ಹೆಮ್ಮೆಯ ಸಂಗತಿಗಳೇ. ಆದರೆ ಆ ಆಳಕ್ಕೆ ಇಳಿದವರಾರು? ಬಹುಪಾಲು ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಬಂದ ದಲಿತ ಕುಟುಂಬಗಳವರು. ಶಿಲಾಸ್ಫೋಟಕ್ಕೂ ಸಿಲಿಕೋಸಿಸ್‌ಗೂ ಬಲಿಯಾದವರು ಅವರು. 1930ರಲ್ಲಿ ಬೆರಳಚ್ಚು ಪಡೆಯುವ ಕ್ರಮವನ್ನು ವಿರೋಧಿಸಿ ಅವರು ಮುಷ್ಕರ ಹೂಡಿದರು. 1946ರ ನವೆಂಬರ್‌ನಲ್ಲಿ ಗೋಲಿಬಾರ್‌ಗೆ ಎದೆಯೊಡ್ಡಿದರು. ಅಯೋತ್ತಿದಾಸ್ ಪಂಡಿತರ ಬೌದ್ಧ ಚಳವಳಿಗೆ ಇಲ್ಲಿ ನೆಲೆ ದೊರೆತುದೂ ಇವರಿಂದಲೇ. ಆಡಳಿತಕ್ಕೆ ಕಾರ್ಮಿಕನ ಬೆರಳಿನ ಗುರುತು ಬೇಕಾಗಿತ್ತು. ಸ್ಮಾರಕಕ್ಕೆ ಅವನ ಹೆಸರು ಬೇಕಾಗಲಿಲ್ಲ.

ಪರಂಪರೆಯ ರಕ್ಷಣೆಯೆಂದರೆ ಕ್ಲಬ್ಬು, ಬಂಗಲೆ, ಶಾಫ್ಟ್‌ಗಳ ರಕ್ಷಣೆಯೆಂದು ತಿಳಿದಾಗ ಈ ಅಸಮಾನತೆಯೇ ಮುಂದುವರಿಯುತ್ತದೆ. ಅವುಗಳ ಪಕ್ಕದಲ್ಲಿ ಕಾರ್ಮಿಕರ ಲೈನ್‌ಮನೆಗಳೂ ಪರಂಪರೆಯೆಂದು ಗಣನೆಗೆ ಬರಬೇಕು. ಭಾಷೆಯ ಪ್ರಶ್ನೆಯೂ ಇಲ್ಲಿ ಮುಖ್ಯ. ತಮಿಳು, ತೆಲುಗು, ಕನ್ನಡಗಳು ಬೆರೆತ ಈ ಊರಿನ ನೆನಪನ್ನು ಒಂದೇ ಭಾಷೆಯ ಫಲಕ ಹೊರಲಾರದು. ಕರ್ನಾಟಕದ ಪರಂಪರೆಯೆಂದು ಇದನ್ನು ಕರೆಯುವುದಾದರೆ ತಮಿಳು ನುಡಿಯುವ ಕಾರ್ಮಿಕನೂ ಆ ಪರಂಪರೆಯ ವಾರಸುದಾರನೆಂದು ಒಪ್ಪಬೇಕಾಗುತ್ತದೆ.

ಈ ಕಾರ್ಯಕ್ಕೆ ಕಾಲಾವಕಾಶ ಹೆಚ್ಚಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿ ದುಡಿದವರ ಪೀಳಿಗೆ ಮುಪ್ಪಿನಲ್ಲಿದೆ. ಸಯನೈಡ್ ದಿಬ್ಬಗಳೆಂದು ಜನ ಕರೆಯುವ ಮಣ್ಣಿನ ಗುಡ್ಡಗಳೇ ಅವರ ದುಡಿಮೆಯ ಅತಿದೊಡ್ಡ ಗುರುತುಗಳು. ಅಂಥ 13 ದಿಬ್ಬಗಳಿಂದ ಉಳಿದ ಖನಿಜವನ್ನು ತೆಗೆಯುವ ಯೋಜನೆಗೆ ರಾಜ್ಯ ಸಚಿವ ಸಂಪುಟ 2024ರಲ್ಲಿ ಸಮ್ಮತಿ ನೀಡಿತು. ಆರ್ಥಿಕ ದೃಷ್ಟಿಯಿಂದ ಅದು ಯುಕ್ತವಿರಬಹುದು. ಆದರೆ ದಿಬ್ಬ ಕರಗುವ ಮುನ್ನ ಅದನ್ನು ಪೇರಿಸಿದವರ ಹೆಸರು, ಅವರ ಮಾತು, ಅವರ ಸಾವಿನ ಕಾರಣ ದಾಖಲಾಗಬೇಕು. ಕಲ್ಲಿನಲ್ಲಿ ಏನನ್ನು ಬರೆಯಬೇಕೆಂಬುದಕ್ಕೆ ಮಾದರಿ ಹೊರಗಿನಿಂದ ಬರಬೇಕಿಲ್ಲ. ಜಿಲ್ಲೆಯ ವೀರಗಲ್ಲುಗಳಲ್ಲಿ ಅದು ಸಾವಿರ ವರ್ಷಗಳಿಂದ ಇದೆ.