ಸಮಾಳದ ಕಾಲನಿರ್ಣಯ ವಿಚಾರ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಪ್ರಾಂತಗಳ ಜಾತ್ರೆಗಳಲ್ಲಿ ನಂದಿಕೋಲಿನ ಸಂಗಡ ಸಮಾಳದ ಧ್ವನಿಯನ್ನು ಕೇಳದವರು ವಿರಳ. ಈ ಜೋಡಿವಾದ್ಯವು ಹಳೆಯದಾಗಿ ಕಂಡೊಡನೆ ಅದನ್ನು ವಿಜಯನಗರದ ಕಾಲಕ್ಕೆ ಸೇರಿಸುವವರು ಕೆಲವರು. ತೊಗಲು ಹೊಸದಾಗಿರುವುದರಿಂದ ವಾದ್ಯವೇ ಹೊಸದೆಂದು ತಳ್ಳುವವರು ಮತ್ತೆ ಕೆಲವರು. ಈ ಎರಡು ಪಕ್ಷಗಳೂ ಪರೀಕ್ಷೆಗೆ ನಿಲ್ಲಲಾರವು.

ಮೊದಲನೆಯವರು ಶಾಸ್ತ್ರಗ್ರಂಥಗಳನ್ನು ಆಧಾರವಾಗಿ ಹಿಡಿಯುತ್ತಾರೆ. 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಅವನದ್ಧವಾದ್ಯಗಳ ವಿಸ್ತಾರವಾದ ನಿರೂಪಣೆಯಿದೆ. 15ನೆಯ ಶತಮಾನದಲ್ಲಿ ಇಮ್ಮಡಿ ದೇವರಾಯನ ಆಶ್ರಯದಲ್ಲಿ ಕಲ್ಲಿನಾಥನು ಆ ಗ್ರಂಥಕ್ಕೆ ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದನು. ಇದರಿಂದ ಸಿದ್ಧವಾಗುವುದು ವಾದ್ಯಜಾತಿಯ ಪ್ರಾಚೀನತೆಯೇ ಹೊರತು ನಮ್ಮ ಮುಂದಿರುವ ವ್ಯಕ್ತಿಯದಲ್ಲ. ಕಾವ್ಯವು ಪ್ರಾಚೀನವಾದ ಮಾತ್ರಕ್ಕೆ ಅದರ ಓಲೆಯ ಪ್ರತಿಯೂ ಕವಿಯ ಕಾಲದ್ದಾಗುವುದೇ?

ಎರಡನೆಯವರ ವಾದವೂ ದುರ್ಬಲವಾದುದು. ತೊಗಲು ಆಗಮಾಪಾಯಿ, ಬಡಿತಕ್ಕೆ ಹರಿಯುವುದೂ ಮರಳಿ ಹೊದಿಸಲ್ಪಡುವುದೂ ಅದರ ಸ್ವಭಾವ. ಬತ್ತಿ ಬದಲಾದರೆ ದೀಪದ ಕಂಬ ಹೊಸದಾಗದು.

ಹಾಗಾದರೆ ಪ್ರಮಾಣವಾವುದು? ‘ಅವನದ್ಧ’ ಶಬ್ದವೇ ದಾರಿ ತೋರುತ್ತದೆ. ಬಂಧನಾರ್ಥಕವಾದ ನಹ್ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಬಿಗಿದು ಕಟ್ಟಿದ್ದೆಂದು ಅರ್ಥ. ಆದುದರಿಂದ ಒಡಲನ್ನೂ ಕಟ್ಟನ್ನೂ ಮೊದಲು ನೋಡತಕ್ಕದ್ದು. ಬಾರು ಉಜ್ಜಿ ಒಡಲಿನ ಮೇಲೆ ಬಿದ್ದ ಗೆರೆಗಳು ಈಗಿನ ಕಟ್ಟಿಗೆ ಹೊಂದದಿದ್ದರೆ ಕಟ್ಟು ಬದಲಾಗಿದೆಯೆಂದು ತಿಳಿಯಬೇಕು. ಮೊನೆಯುಳ್ಳ ಯಂತ್ರನಿರ್ಮಿತ ತಿರುಪುಮೊಳೆ 19ನೆಯ ಶತಮಾನದ ಮಧ್ಯಭಾಗಕ್ಕಿಂತ ಹಿಂದಿನದಾಗಲಾರದು. ಪ್ಲಾಸ್ಟಿಕ್ ಹೊದಿಕೆಯು 1950ರ ದಶಕದಿಂದೀಚಿನದು. ಆದರೆ ಇವು ದುರಸ್ತಿಯ ಕಾಲವನ್ನು ಹೇಳಬಹುದಲ್ಲದೆ ಒಡಲಿನ ಕಾಲವನ್ನೇ ಹೇಳುವುವೆಂದು ನಿಯಮವಿಲ್ಲ. ಲೋಹದ ಒಡಲಿನಲ್ಲಿ ದಾನಿಯ ಹೆಸರಿದ್ದರೆ, ಅಕ್ಷರದ ಗೀರಿನೊಳಗೂ ಹೊರಮೈಯಂತೆಯೇ ಕಿಲುಬು ಕೂತಿದೆಯೋ, ಇಲ್ಲವೆ ಕಿಲುಬನ್ನು ಸೀಳಿ ತರುವಾಯ ಕೊರೆದುದೋ ವಿಚಾರಿಸಬೇಕು. ತರುವಾಯ ಕೊರೆದುದಾದರೆ ಅದು ಪ್ರಕ್ಷಿಪ್ತಪದ್ಯಕ್ಕೆ ಸಮಾನ.

ಪಾಶ್ಚಾತ್ಯ ಬ್ಯಾಂಡಿನ ಚಿಕ್ಕ ಡ್ರಮ್ಮಿಗೂ ಇದೇ ನ್ಯಾಯ ಸಲ್ಲುವುದು. ಕೆಳಮುಖಕ್ಕೆ ಅಡ್ಡಲಾಗಿ ಬಿಗಿದ, ಝರಝರ ದನಿಗೆ ಕಾರಣವಾದ ತಂತಿಗಳೂ ತೊಗಲುಗಳೂ ಅಲ್ಲಿ ಬದಲಾಗುವ ಅಂಗಗಳು. ಹಗ್ಗದಿಂದ ಬಿಗಿಯಲು ಮಾಡಿದ ಒಡಲಿಗೆ ಅನಂತರ ತಿರುಪಿನ ಸರಳುಗಳನ್ನು ಜೋಡಿಸಿದ್ದರೆ, ಹೊಸದಾಗಿ ಕೊರೆದ ರಂಧ್ರಗಳೇ ಅದಕ್ಕೆ ಸಾಕ್ಷಿ.

ಆದಕಾರಣ ರೂಪದ ಕಾಲ, ಒಡಲಿನ ಕಾಲ, ಕಟ್ಟು-ಹೊದಿಕೆಗಳ ಕಾಲ ಎಂದು ಮೂರನ್ನು ಪ್ರತ್ಯೇಕವಾಗಿ ಬರೆಯುವುದೇ ಸಾಧುವಾದ ಮಾರ್ಗ. ಕಡೆಯದಾಗಿ ಒಂದು ವಿಜ್ಞಾಪನೆ: ದುರಸ್ತಿಯ ಕಾಲದಲ್ಲಿ ಹೊಳಪಿಗಾಗಿ ಒಡಲನ್ನು ಉಜ್ಜಬಾರದು, ಬಿಚ್ಚಿದ ಹಳೆಯ ಬಾರುಗಳನ್ನು ಎಸೆಯದೆ ಕಾಪಾಡಬೇಕು, ತೊಗಲನ್ನು ಎಂದು ಯಾರು ಹೊದಿಸಿದರೆಂದು ಬಾರಿಸುವವರನ್ನೇ ಕೇಳಿ ಬರೆದಿಡಬೇಕು. ಓಲೆಗರಿಗೆ ಬಹುವೇಳೆ ಪ್ರತ್ಯಂತರವುಂಟು. ಸವೆದುಹೋದ ಗೆರೆಗೆ ಅದಿಲ್ಲ.