ಕಳ್ಸಿಗೆಯಲ್ಲಿ ಮನಿ ಪ್ಲಾಂಟ್

ಹೋದ ವರ್ಷ ಒಂದು ಲಾಂಗ್ ವೀಕೆಂಡಿಗೆ ನಮ್ಮ ಟೀಮಿನ ಆರು ಜನ ಮರವಂತೆ ದಾಟಿ ಬೈಂದೂರಿನ ಕಡೆ ಒಂದು ಬೀಚ್ ಕಾಟೇಜಿಗೆ ಹೋಗಿದ್ವಿ. ಫೋಟೋ ನೋಡಿ ಬುಕ್ ಮಾಡಿದ್ದು. ಪೂರ್ತಿ ಹಳೇ ಸಾಮಾನಿನಲ್ಲೇ ಸಿಂಗರಿಸಿದ ಮನೆ ಅಂತ ಬರೆದಿದ್ದರು. ಸುಳ್ಳೇನಲ್ಲ. ಜಗಲಿಗೆ ಹಲಸಿನ ಮರದ ಕೆತ್ತನೆ ಕಂಬ, ಊಟದ ಮೇಜಿಗೆ ಯಾವುದೋ ದೊಡ್ಡ ಮನೆಯ ಹೆಬ್ಬಾಗಿಲನ್ನ ಮಲಗಿಸಿ ಮೇಲೊಂದು ಗಾಜು, ಹೊಲಿಗೆ ಮಷಿನ್ನಿನ ಕಬ್ಬಿಣದ ಕಾಲಿನ ಮೇಲೆ ವಾಶ್ ಬೇಸಿನ್ನು, ಎತ್ತಿನ ಗಾಡಿಯ ಚಕ್ರದಿಂದ ಇಳಿಬಿದ್ದ ಎಂಟು ಬಲ್ಬು. ಅರ್ಧಕ್ಕೆ ಕತ್ತರಿಸಿ ನೆಟ್ಟಗೆ ನಿಲ್ಲಿಸಿದ ಮರದ ದೋಣಿ ಪುಸ್ತಕದ ಕಪಾಟಾಗಿತ್ತು. ನಮ್ಮ ಹುಡುಗರು ಬ್ಯಾಗ್ ಇಳಿಸೋ ಮೊದಲೇ ಫೋನ್ ತೆಗೆದರು. ನಾನೂ ತೆಗೆದೆ.

ಮೊದಲು ಮೆಚ್ಚಬೇಕಾದ್ದನ್ನ ಮೆಚ್ಚಿಬಿಡ್ತೀನಿ. ಹಳೇ ಮರದ ಹತ್ತಿರ ಹೊಸ ಪ್ಲೈವುಡ್ಡು ನಿಲ್ಲಲ್ಲ. ನೂರು ಮಳೆಗಾಲ ಕಂಡ ಹಲಸು, ಸಾಗುವಾನಿ ಚೆನ್ನಾಗಿ ಒಣಗಿ ಪಕ್ಕಾ ಆಗಿರುತ್ತೆ, ಇನ್ನು ಹಿಗ್ಗೋದು ಸೊಟ್ಟಗಾಗೋದು ಕಡಿಮೆ. ಅದನ್ನ ಸೌದೆಗೆ ಹಾಕೋ ಬದಲು ಇನ್ನೊಂದು ಮನೆಗೆ ನಿಲ್ಲಿಸಿದರೆ ಒಂದು ಮರ ಕಡಿಯೋದು ತಪ್ಪುತ್ತೆ. ಸೆಕೆಂಡ್ ಹ್ಯಾಂಡ್ ಅಂದ್ರೆ ನನಗೆ ಅಸಡ್ಡೆಯೂ ಇಲ್ಲ. ತುರುವೇಕೆರೆ ಕಡೆಯ ಹಳ್ಳಿಯವನು ನಾನು. ಅಣ್ಣನ ಅಂಗಿ, ಅಣ್ಣನ ಪುಸ್ತಕ, ಅಣ್ಣನ ಸೈಕಲ್ಲು, ಎಲ್ಲಾ ಸೆಕೆಂಡ್ ಹ್ಯಾಂಡೇ. ಆಗ ಅದಕ್ಕೆ ವಿಂಟೇಜ್ ಅನ್ನೋ ಹೆಸರಿರಲಿಲ್ಲ ಅಷ್ಟೆ.

ಆದರೆ ಎರಡು ದಿನ ಅಲ್ಲಿದ್ದು ನೋಡ್ತಾ ನೋಡ್ತಾ ಕೆಲವು ಹುಳುಕು ಕಂಡವು.

ಹೆಂಚನ್ನೇ ತಗೊಳ್ಳಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಒಂದಕ್ಕೊಂದು ಕಚ್ಚಿಕೊಂಡು ಕೂರೋ ಆ ಹೆಂಚು ಮಳೆ ನೀರನ್ನ ಇಳಿಸುತ್ತೆ, ಸಂದಿನಲ್ಲಿ ಬಿಸಿಗಾಳಿಯನ್ನ ಹೊರಗೆ ಬಿಡುತ್ತೆ. ಕರಾವಳಿಯ ಸೆಕೆಗೂ ಮಳೆಗೂ ಹೇಳಿ ಮಾಡಿಸಿದ ಹಾಗಿದೆ. ಈ ಕಾಟೇಜಿನಲ್ಲಿ ಅಂಥಾ ಹಳೇ ಹೆಂಚು ಮೂರು, ಅಚ್ಚಿನ ಅಕ್ಷರ ಕಾಣೋ ಹಾಗೆ, ಫ್ರೇಮು ಹಾಕಿಸಿಕೊಂಡು ಗೋಡೆ ಮೇಲಿದ್ವು. ಒಂದೊಂದಕ್ಕೂ ಒಂದು ಸ್ಪಾಟ್ ಲೈಟು. ಮಾಡಿಗೆ ಮಾತ್ರ ಹೆಂಚಿನ ಬಣ್ಣ ಬಳಿದ ತಗಡಿನ ಶೀಟು! ಮಧ್ಯಾಹ್ನ ಹನ್ನೆರಡಕ್ಕೆ ಎಸಿ ಹಾಕದೆ ಕೂರೋಕಾಗಲ್ಲ. ತಲೆ ಮೇಲಿದ್ದರೆ ಮನೆ ತಂಪಾಗಿಡೋ ವಸ್ತುವನ್ನ ಗೋಡೆಗೆ ನೇತುಹಾಕಿ, ಅದರ ಎದುರು ಕೂತು ಬೆವರು ಒರೆಸಿಕೊಂಡ್ವಿ.

ಹೊಲಿಗೆ ಮಷಿನ್ನಿನ ಕಾಲೂ ಹಾಗೇ. ಉಪ್ಪು ಗಾಳಿಯ ತೇವವನ್ನ ಎಳೆದುಕೊಳ್ಳುತ್ತೆ, ಆ ಉಪ್ಪುನೀರಿನ ಪೊರೆ ಕಬ್ಬಿಣವನ್ನ ಬೇಗ ತಿನ್ನುತ್ತೆ. ಸಮುದ್ರ ಕೂಗಳತೆ ದೂರದಲ್ಲಿರೋ ಕಡೆ ಕಬ್ಬಿಣದ ಕಾಲನ್ನ ಬಚ್ಚಲಿನಲ್ಲಿಟ್ಟರೆ ಏನಾಗುತ್ತೆ? ಪೆಡಲ್ಲು ಆಗಲೇ ಅಕ್ಕಿ ಹಪ್ಪಳದ ಹಾಗೆ ಪದರ ಬಿಡ್ತಾ ಇತ್ತು. ಅರವತ್ತು ವರ್ಷ ಯಾರದೋ ಮನೆ ನಡೆಸಿದ ಮಷಿನ್ನು ಇಲ್ಲಿ ಐದು ವರ್ಷ ಬಾಳೋದು ಅನುಮಾನ. ಉಳಿಸಿದ್ದೇವೆ ಅಂತ ಹೇಳಿಕೊಂಡು ಕೊಲ್ಲೋದು ಇದು.

ಇನ್ನು ದೋಣಿ. ಕರಾವಳಿಯಲ್ಲಿ ರಂಪಣಿ ಅಂತ ಒಂದು ಪದ್ಧತಿ. ದೋಣಿಯಲ್ಲಿ ಹೋಗಿ ಉದ್ದನೆ ಬಲೆಯನ್ನ ಕಡಲಲ್ಲಿ ಸುತ್ತು ಬಿಟ್ಟು ಬರ್ತಾರೆ, ಆಮೇಲೆ ಹತ್ತಾರು ಜನ ದಡದಲ್ಲಿ ನಿಂತು ಎಳೀತಾರೆ. ಬಂದ ಮೀನಿನಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು, ಬಂಗುಡೆ ಭೂತಾಯಿ ದಡಕ್ಕೆ ಬರೋ ಮೊದಲೇ ಆ ಬಲೆಗೆ ಬೀಳತೊಡಗಿದವು, ದೊಡ್ಡ ರಂಪಣಿಗಳು ಒಂದೊಂದಾಗಿ ನಿಂತವು. ಆಮೇಲೆ ಫೈಬರ್ ದೋಣಿ ಬಂತು. ಮರದ ದೋಣಿಗಳು ದಡದಲ್ಲೇ ಉಳಿದವು. ಕಪಾಟಾದ ಈ ದೋಣಿ ಯಾವುದರಲ್ಲಿತ್ತೋ ಗೊತ್ತಿಲ್ಲ, ಆದರೆ ಅದರ ಹಿಂದೆ ಇಂಥದ್ದೊಂದು ಕತೆ ಇರಲೇಬೇಕು. ಆ ಕಪಾಟಿನಲ್ಲಿ ಇಟಲಿಯ ಹಳ್ಳಿಮನೆಗಳ ಬಗ್ಗೆ ದಪ್ಪ ಪುಸ್ತಕ ಇತ್ತು. ಮೀನುಗಾರರ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ಅದೂ ಹೋಗಲಿ ಅಂದುಕೊಂಡೆ. ಬೆಳಿಗ್ಗೆ ಬೀಚಿಗೆ ಇಳಿಯೋ ಗೇಟಿನ ಹೊರಗೆ ಬೋರ್ಡು ನೋಡಿದೆ: 'ಇಲ್ಲಿ ಮೀನು, ಬಲೆ ಒಣಗಿಸಬಾರದು.' ಒಳಗೆ ಸೀಲಿಂಗಿಗೆ ಬಲೆ ಕಟ್ಟಿದ್ದಾರೆ ಸ್ವಾಮಿ! ವಾಸನೆ ಇಲ್ಲದ ಬಲೆ ಬೇಕು, ವಾಸನೆ ಇರೋ ಬಲೆ ಬೇಡ.

ನನ್ನ ತಕರಾರು ದುಡ್ಡಿನದ್ದಲ್ಲ, ರುಚಿಯದ್ದೂ ಅಲ್ಲ. ರುಚಿ ಚೆನ್ನಾಗೇ ಇತ್ತು. ವಸ್ತುವಿಂದ ಅದರ ಕೆಲಸ, ಅದರ ಊರು, ಅದರ ಜನ, ಮೂರನ್ನೂ ತೊಳೆದು ಬರೀ ವಯಸ್ಸನ್ನ ಮಾತ್ರ ಉಳಿಸಿಕೊಂಡಿದ್ದಾರೆ ಅನ್ನೋದು ನನ್ನ ತಕರಾರು.

ಇಷ್ಟು ಹೇಳಿ ನಾನು ಹಳೇ ಕಾಲದ ಪರ ವಕಾಲತ್ತು ಹಾಕ್ತೀನಿ ಅಂದುಕೊಂಡಿದ್ದರೆ, ಮುಂದೆ ಓದಿ. ಜಗಲಿ ಮೇಲೆ ಮರದ ದೊಡ್ಡ ಅಳತೆಯ ಪಾತ್ರೆಯೊಂದಿತ್ತು, ಸುತ್ತ ಕಬ್ಬಿಣದ ಪಟ್ಟಿ. ಅದರಲ್ಲಿ ಮನಿ ಪ್ಲಾಂಟ್. ನಾನು ನಮ್ಮ ಕಡೆಯ ಕೊಳಗ ಇರಬಹುದು ಅಂದುಕೊಂಡೆ. ರೂಮು ಗುಡಿಸೋಕೆ ಬರ್ತಿದ್ದ ಅಕ್ಕನ್ನ ಕೇಳಿದೆ.

"ಅದ್ ಕಳ್ಸಿಗೆ ಅಲ್ದಾ. ನಮ್ಮಜ್ಜ ಒಡೇರ್ ಮನಿಗೆ ಗೇಣಿ ಅಳೂದ್ ಇದ್ರಗೇ. ಈಗ ಕಾಣಿ, ಗಿಡ ನೆಟ್ಟಿರ್!" ಅಂತ ಹೇಳಿ ನಕ್ಕರು. ಬೇಜಾರಿನ ನಗು ಅಲ್ಲ, ಚೆನ್ನಾಗೇ ನಕ್ಕರು.

ಆ ನಗುವಿನ ಮುಂದೆ ನನ್ನ ಪಾಂಡಿತ್ಯ ಸ್ವಲ್ಪ ಇಳೀತು. ಈ ಕಂಬ, ಈ ಹೆಬ್ಬಾಗಿಲು, ಈ ಕಳ್ಸಿಗೆ ಎಲ್ಲಾ ಗುಜರಿಗೆ ಬಂದದ್ದು ಯಾಕೆ? ಒಂದು ಕಾರಣ ಭೂಸುಧಾರಣೆ. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ಉಳುವವರು ಅರ್ಜಿ ಹಾಕಿ ಹೊಲದ ಒಡೆಯರಾದರು. ಗೇಣಿ ಭತ್ತ ಬರೋದು ನಿಂತ ಮೇಲೆ ಮೂವತ್ತು ನಲವತ್ತು ಕಂಬದ ಮನೆಗೆ ವರ್ಷಾ ವರ್ಷ ಹೆಂಚು ಕೈಯಾಡಿಸೋದು, ಗೆದ್ದಲು ಬಿಡಿಸೋದು ಯಾರು? ಇನ್ನೊಂದು ಕಾರಣ ಪಾಲು. ಅಳಿಯಸಂತಾನದ ದೊಡ್ಡ ಕುಟುಂಬಗಳು ಒಡೆದವು, ಮನೆ ಬೇಕು ಅನ್ನೋರಿಗಿಂತ ಪಾಲು ಬೇಕು ಅನ್ನೋರು ಜಾಸ್ತಿಯಾದರು, ಮಕ್ಕಳು ಮುಂಬೈ, ದುಬೈ, ಬೆಂಗಳೂರು ಸೇರಿದರು. ಅಂದ್ರೆ ಆ ಮನೆಗಳು ಬಿದ್ದದ್ದರಲ್ಲಿ ನಷ್ಟ ಎಷ್ಟಿದೆಯೋ ನ್ಯಾಯವೂ ಅಷ್ಟಿದೆ. ಒಡೆಯರ ಮೊಮ್ಮಗನಿಗೆ ಕಳ್ಸಿಗೆ ಕಂಡರೆ ಹೊಟ್ಟೆ ಚುರ್ರ್ ಅನ್ನಬಹುದು. ಒಕ್ಕಲಿನ ಮೊಮ್ಮಗಳಿಗೆ ಅದರಲ್ಲಿ ಗಿಡ ನೆಟ್ಟದ್ದು ನಗು ತರಿಸಿತು. ವಿಂಟೇಜ್ ಅನ್ನೋ ಪದ ಇಬ್ಬರನ್ನೂ ಒರೆಸಿಹಾಕುತ್ತೆ.

ಇದೇ ಕೆಲಸವನ್ನ ಬೇರೆ ಥರ ಮಾಡಿದವರಿದ್ದಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನ ನೀವು ನೋಡಿಲ್ಲ ಅಂದ್ರೆ ಉಡುಪಿಗೆ ಹೋದಾಗ ಅರ್ಧ ದಿನ ಇಟ್ಟುಕೊಳ್ಳಿ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಬ್ಯಾಂಕಿನಲ್ಲಿ ಕೆಲಸ ಮಾಡ್ತಿದ್ದವರು. ಕೆಡವೋಕೆ ಹೊರಟ ಮನೆಗಳನ್ನ ಬಿಚ್ಚಿಸಿ ತಂದು ಮತ್ತೆ ಕಟ್ಟಿಸಿದರು. ಮಿಯಾರು ಮನೆ, ಕುಂಜೂರು ಚೌಕಿಮನೆ, ಹರ್ಕೂರು ಒಳಗಿನ ಮನೆ, ಕುಕನೂರಿನ ಕಮಲ ಮಹಲ್, ಮುಧೋಳ ಅರಮನೆಯ ದರ್ಬಾರ್ ಹಾಲ್. ಗಮನಿಸಿ, ಮನೆ ಜಾಗ ಬದಲಾದರೂ ಊರಿನ ಹೆಸರು ಜೊತೆಗೇ ಬಂದಿದೆ. ಕಂಬ ಮಾಡನ್ನ ಹೊತ್ತಿದೆ, ಬಾಗಿಲು ಬಾಗಿಲಾಗೇ ಇದೆ. ಅಲ್ಲೂ ಕೊರತೆ ಇಲ್ಲ ಅಂತಲ್ಲ. ಅಡುಗೆಮನೆಯಲ್ಲಿ ಹೊಗೆ ಇಲ್ಲ, ತೊಟ್ಟಿಲಲ್ಲಿ ಮಗು ಇಲ್ಲ, ಗೇಣಿ ಅಳೆದವರ ಗುಡಿಸಲೂ ಇಲ್ಲ. ಉಳಿದದ್ದು ಹೆಚ್ಚಾಗಿ ದೊಡ್ಡವರ ಮನೆಗಳೇ. ಆದರೂ ಅಲ್ಲಿಂದ ಹೊರಗೆ ಬರುವಾಗ ಏನೋ ಕಲಿತಿರ್ತೀವಿ. ಕಾಟೇಜಿಂದ ಬರುವಾಗ ಫೋಟೋ ಮಾತ್ರ ಇರುತ್ತೆ.

ಒಂದು ವಿಷಯದಲ್ಲಿ ನಾನು ರಾಜಿ ಆಗಲ್ಲ. ಕಾಟೇಜಿನ ಬಚ್ಚಲಿಗೆ ಹೋಗೋ ದಾರಿಯಲ್ಲಿ ಪಂಜುರ್ಲಿಯ ಮುಖ ಇತ್ತು. ಕಾಂತಾರ ಬಂದ ಮೇಲೆ ಇದು ಬೆಂಗಳೂರಿನ ಫ್ಲಾಟುಗಳಿಗೂ ಬಂದಿದೆ. ಅಲಂಕಾರಕ್ಕೇ ಅಂತ ಹೊಸದಾಗಿ ಮಾಡಿದ್ದಾದರೆ ಅದು ರುಚಿಯ ಪ್ರಶ್ನೆ ಅಂತ ಬಿಡಬಹುದು. ಹಳೇದಾದರೆ ಅದು ಯಾವುದೋ ಊರಿನವರು ಇವತ್ತಿಗೂ ಕೈ ಮುಗಿಯೋ ದೈವ. ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಮ್ಮಿನಲ್ಲಿ ಮೆಕ್ಕೆಕಟ್ಟಿನ ಹಳೇ ಮರದ ಭೂತದ ಮೂರ್ತಿಗಳಿವೆ. ಅಲ್ಲಿ ಅವಕ್ಕೆ ಊರಿನ ಹೆಸರಾದರೂ ಇದೆ. ನೂರು ವರ್ಷ ದಾಟಿದ ಶಿಲ್ಪದ ವ್ಯಾಪಾರಕ್ಕೆ ಲೈಸೆನ್ಸ್ ಬೇಕು ಅಂತ 1972ರ ಪುರಾತನ ವಸ್ತುಗಳ ಕಾಯ್ದೆಯೇ ಹೇಳುತ್ತೆ. ಕಾನೂನು ಆಮೇಲೆ. ಗುಡಿಸೋ ಅಕ್ಕ ಆ ಗೋಡೆ ಹತ್ತಿರ ಬಂದಾಗ ತಲೆ ತಗ್ಗಿಸಿಕೊಂಡು ಹೋಗ್ತಿದ್ದರು. ಅದನ್ನ ನೋಡಿದ ಮೇಲೆ ಬೇರೆ ವಾದ ಬೇಕಿಲ್ಲ.

ಈಗ ನನ್ನ ಮನೆಗೆ ಬನ್ನಿ. ಮೂಡಲಪಾಳ್ಯದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. (ಮೂಡಲಪಾಯ ಅಂದ್ರೆ ನಮ್ಮ ಕಡೆಯ ಯಕ್ಷಗಾನ, ಮೂಡಲಪಾಳ್ಯ ಅಂದ್ರೆ ಪಾರ್ಕಿಂಗ್ ಜಗಳ.) ಎಂಟು ವರ್ಷದ ಹಿಂದೆ ಊರಲ್ಲಿ ನಮ್ಮ ತೊಟ್ಟಿಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟೋದು ಅಂತಾಯ್ತು. ಒಂದು ಮಧ್ಯಾಹ್ನ ಅಪ್ಪ ಫೋನ್ ಮಾಡಿದರು. "ಹಳೇ ಬಾಗಿಲು, ಬಾಗಿಲುವಾಡ ಸಮೇತ ಆರು ಸಾವಿರಕ್ಕೆ ಕೇಳ್ತಾವನೆ. ಏನ್ ಮಾಡನ?" ನಾನು ಮೀಟಿಂಗಿನಲ್ಲಿದ್ದೆ. "ಕೊಟ್ಬಿಡಿ ಅಪ್ಪ, ಇಟ್ಕೊಂಡು ಏನ್ ಮಾಡ್ತೀರ" ಅಂದೆ. ಹನ್ನೊಂದು ಸೆಕೆಂಡಿನ ಮಾತು ಅದು. ಕಾಲ್ ಲಾಗಿನಲ್ಲಿ ಬಹಳ ದಿನ ಇತ್ತು.

ಆಮೇಲೆ ಎರಡು ವರ್ಷಕ್ಕೆ, ಒಂದು ಭಾನುವಾರ ಬೆಳಿಗ್ಗೆ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಹಿತ್ತಾಳೆ ಪಟ್ಟಿಯ ಒಂದು ಸೇರು, ಒಂದು ಪಾವು ಕೊಂಡೆ. ಎರಡೂ ಸೇರಿ ಸಾವಿರದ ನಾನೂರು. ಟೇಬಲ್ಲಿನ ಮೇಲೆ ಪೆನ್ ಸ್ಟ್ಯಾಂಡ್ ಮಾಡಿದೆ. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಕ್ಯಾಮೆರಾದಲ್ಲಿ ಕಾಣೋ ಹಾಗೆ ಇಟ್ಟಿದ್ದೆ ಅನ್ನೋದನ್ನೂ ಒಪ್ಪಿಕೊಳ್ತೀನಿ. ನಮ್ಮ ಮನೆಯ ಸೇರು ಎಲ್ಲಿ ಹೋಯ್ತು ಅಂತ ಯಾರನ್ನೂ ಕೇಳಿರಲಿಲ್ಲ.

ಹಾಗಾಗಿ ಕಾಟೇಜಿನ ಯಜಮಾನರನ್ನ ನಾನು ಕಳ್ಳ ಅನ್ನಲ್ಲ. ಅವರು ದುಡ್ಡು ಕೊಟ್ಟು ಕೊಂಡಿದ್ದಾರೆ. ಮಾರಿದವರು ನಾವು, ನಮ್ಮಪ್ಪಂದಿರು. ಹಂಡೆ, ಕೊಪ್ಪರಿಗೆ ಕೊಟ್ಟು ಸ್ಟೀಲು ಪಾತ್ರೆ ತಗೊಂಡ ನಮ್ಮಜ್ಜಿಯರು. ಅವರಿಗೂ ಕಾರಣ ಇತ್ತು. ಹಿತ್ತಾಳೆ ತಿಕ್ಕಿ ತಿಕ್ಕಿ ಕೈ ಸವೆಸಿಕೊಂಡವರಿಗೆ ಸ್ಟೀಲು ಬಿಡುಗಡೆ. ಅವರ ಬಿಡುಗಡೆಯನ್ನ ತಪ್ಪು ಅನ್ನೋಕೆ ನಾನ್ಯಾರು? ಆದರೆ ನಾವೇ ಬಿಸಾಕಿದ್ದನ್ನ ನಾವೇ ದುಪ್ಪಟ್ಟು ಕೊಟ್ಟು ಕೊಂಡು, ಏನಕ್ಕೆ ಬಳಸ್ತಿದ್ದರು ಅನ್ನೋದನ್ನ ಮಾತ್ರ ಕೇಳದೆ ಇರೋದಿದೆಯಲ್ಲ, ಅದಕ್ಕೆ ಕಾರಣ ಸಿಗ್ತಿಲ್ಲ.

ನಿಮ್ಮಲ್ಲಿ ಕೆಲವರು ಗೋಕರ್ಣದ ಕಡೆಯೋ ಕುಂದಾಪುರದ ಕಡೆಯೋ ಜಾಗ ನೋಡ್ತಿದ್ದೀರಿ ಅಂತ ಗೊತ್ತು. ಹಳೇ ಸಾಮಾನು ಖಂಡಿತಾ ತಗೊಳ್ಳಿ. ಕೊಳ್ಳುವಾಗ ಇದರ ಹೆಸರೇನು, ಯಾವ ಊರಿಂದ ಬಂತು ಅಂತ ಕೇಳಿ, ಒಂದು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ. ಬಾಗಿಲು ಸಿಕ್ಕರೆ ಬಾಗಿಲಿಗೇ ಹಾಕಿ, ಹೆಂಚು ಸಿಕ್ಕರೆ ಮಾಡಿಗೇ ಹಾಕಿ. ಕಬ್ಬಿಣವನ್ನ ಸಮುದ್ರದಿಂದ ದೂರ ಇಡಿ, ಘಟ್ಟದ ಮೇಲಿನ ಮನೆಗೆ ಕೊಡಿ. ಮರಕ್ಕೆ ಮಳೆಗಾಲಕ್ಕೆ ಮೊದಲು ಎಣ್ಣೆ ಹಚ್ಚಿಸಿ, ಬುಡ ನೆಲದ ತೇವಕ್ಕೆ ತಾಗದ ಹಾಗೆ ಕಲ್ಲಿನ ಮೇಲೆ ನಿಲ್ಲಿಸಿ. ಮನೆಗೆ ಕೆಲಸಕ್ಕೆ ಬರೋ ಅಲ್ಲಿಯವರನ್ನ ಒಮ್ಮೆ ಕೇಳಿ ನೋಡಿ, ನಿಮ್ಮ ಡಿಸೈನರಿಗಿಂತ ಜಾಸ್ತಿ ಗೊತ್ತಿರುತ್ತೆ. ಆಮೇಲೆ ಗೇಟಿನ ಹೊರಗೆ ಬಲೆ ಒಣಗಿಸಿದರೆ ಒಣಗಿಸಲಿ ಬಿಡಿ.

ಪ್ರವಾಸದಿಂದ ಬಂದ ಮುಂದಿನ ವಾರ ಅಮ್ಮ ಊರಿಂದ ಬಂದಿದ್ದರು. ಟೇಬಲ್ ನೋಡಿದವರೇ, "ಏನೋ ಇದು, ಸೇರಿಗೆ ಪೆನ್ನು ತುರುಕಿದೀಯ? ಹೊಸಿಲ ಮೇಲೆ ಅಕ್ಕಿ ತುಂಬಿ ಇಡೋದು ಕಣೋ ಇದ್ನ" ಅಂತ ಬೈದು, ಪೆನ್ನುಗಳನ್ನ ನನ್ನ ಕೈಗೆ ಕೊಟ್ಟು, ಸೇರನ್ನ ತೊಳೆದು ಬಿಸಿಲಿಗಿಟ್ಟರು. ಸಂಜೆ ಊರಿಂದ ತಂದ ಅಕ್ಕಿ ಮೂಟೆ ಬಿಚ್ಚಿ ಡಬ್ಬಕ್ಕೆ ಅಳೆದು ಹಾಕ್ತಾ ಕೂತರು. ಒಂದು ಅನ್ನಲಿಲ್ಲ. "ಲಾಭ" ಅಂದರು. ಆಮೇಲೆ ಎರಡು, ಮೂರು. ನನ್ನ ಮಗಳು ಪಕ್ಕದಲ್ಲಿ ಕೂತು, "ಅಜ್ಜಿ, ಒಂದು ಎಲ್ಲಿ ಹೋಯ್ತು?" ಅಂತ ಕೇಳ್ತಾ ಇದ್ದಳು. ಪೆನ್ನುಗಳು ಈಗ ಕಾಫಿ ಮಗ್ಗಿನಲ್ಲಿವೆ.