ಸಾರಂಗಧರನ ಹಿಂದೆ ಕುಮಾರರಾಮ

ಧರ್ಮವರಂ ರಾಮಕೃಷ್ಣಮಾಚಾರ್ಯರನ್ನು ತೆಲುಗರು ‘ಆಂಧ್ರ ನಾಟಕ ಪಿತಾಮಹ’ರೆಂದು ಗೌರವಿಸುತ್ತಾರೆ, ಕನ್ನಡ ನಾಟಕ ವಿಮರ್ಶೆಯಲ್ಲಿ ಅವರ ಹೆಸರು ವಿರಳ. 1853ರಲ್ಲಿ ಅವರು ಜನಿಸಿದಾಗ ಧರ್ಮವರ, ಮಡಕಶಿರ, ರಾಯದುರ್ಗಗಳೆಲ್ಲವೂ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1882ರಲ್ಲಿ ಅನಂತಪುರ ಜಿಲ್ಲೆ ರಚನೆಯಾದಾಗ ಮೊದಲೆರಡು ಬೇರ್ಪಟ್ಟವು. ರಾಯದುರ್ಗ 1953ರವರೆಗೂ ಬಳ್ಳಾರಿಯಲ್ಲಿಯೇ ಉಳಿಯಿತು. ಆಚಾರ್ಯರು ವಕೀಲರಾಗಿ ನೆಲೆಸಿ, ಸರಸವಿನೋದಿನೀ ಸಭೆಯ ಮೂಲಕ ನಾಟಕಗಳನ್ನು ಆಡಿಸಿದ್ದು ಬಳ್ಳಾರಿಯಲ್ಲಿ. ಈ ದ್ವಿಭಾಷಿಕ ಸೀಮೆ ಅವರ ಕೃತಿಗೆ ಏನನ್ನು ನೀಡಿತೆಂಬುದು ವಿಚಾರಾರ್ಹ.

ಅವರ ‘ವಿಷಾದ ಸಾರಂಗಧರ’ವನ್ನೇ ನೋಡಬಹುದು. ಮಲತಾಯಿ ಚಿತ್ರಾಂಗಿಯ ಮೋಹವನ್ನು ನಿರಾಕರಿಸಿದ ರಾಜಕುಮಾರ ತಂದೆಯಿಂದಲೇ ದಂಡನೆಗೆ ಗುರಿಯಾಗುವ ಕಥೆ ಇದು. ತೆಲುಗು ಪರಂಪರೆ ಇದನ್ನು ರಾಜಮಹೇಂದ್ರವರಕ್ಕೆ ಹೊಂದಿಸಿದೆ; ಹಳೆಯ ಕಾವ್ಯದಲ್ಲಿ ಸಿದ್ಧನ ಕೃಪೆಯಿಂದ ಕಡಿದ ಕೈಕಾಲುಗಳು ಮರಳಿ ಬರುತ್ತವೆ. ಆಚಾರ್ಯರು ಅದನ್ನು ದುರಂತವಾಗಿಸಿದರು. ಇದನ್ನು ಇಂಗ್ಲಿಷ್ ನಾಟಕಗಳ ಪ್ರಭಾವವೆಂದು ವಿವರಿಸುವುದು ವಾಡಿಕೆ. ಆ ವಿವರಣೆ ತಪ್ಪಲ್ಲ; ಆದರೆ ಅದು ನಾಟಕಕಾರನ ಓದಿನ ಕೋಣೆಯನ್ನು ಮಾತ್ರ ನೋಡುತ್ತದೆ, ಎದುರಿಗೆ ಕುಳಿತ ಪ್ರೇಕ್ಷಕರನ್ನು ನೋಡುವುದಿಲ್ಲ.

ತುಂಗಭದ್ರೆಯ ಆಸುಪಾಸಿನ ಜನರಿಗೆ ಇದೇ ಬಗೆಯ ಇನ್ನೊಂದು ಕಥೆ ಪರಿಚಿತ. ಕುಮ್ಮಟದುರ್ಗದ ಕುಮಾರರಾಮನೂ ಮಲತಾಯಿ ರತ್ನಾಜಿಯನ್ನು ನಿರಾಕರಿಸಿ ತಂದೆಯ ಕೋಪಕ್ಕೆ ತುತ್ತಾಗುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಉಳಿಸಿದರೂ ಅವನ ಅಂತ್ಯ ದೆಹಲಿಯ ಸೇನೆಯೆದುರು ರಣರಂಗದಲ್ಲಿ. ಸಾಂಗತ್ಯ, ಜನಪದ ಹಾಡು, ಬಯಲಾಟಗಳಲ್ಲಿ ಉಳಿದುಬಂದ ಈ ಕಥೆ ನಿರಪರಾಧಿ ನಾಯಕನ ಸಾವನ್ನು ಸಹಿಸಲು, ಗೌರವಿಸಲು ಕೇಳುಗರನ್ನು ಮೊದಲೇ ಅಣಿಗೊಳಿಸಿತ್ತು. ಮಂಗಳಾಂತ್ಯವನ್ನು ಬಿಟ್ಟುಕೊಟ್ಟ ನಾಟಕಕ್ಕೆ ಅಂಥ ಕೇಳುಗರ ಸೀಮೆಯೇ ಒದಗಿದ್ದು ಗಮನಾರ್ಹ. ಆಚಾರ್ಯರು ಕುಮಾರರಾಮನಿಂದ ಕಥೆಯನ್ನು ಪಡೆದರೆಂಬುದು ಇಲ್ಲಿನ ವಾದವಲ್ಲ. ಹುಟ್ಟಿದ ಪ್ರದೇಶವು ಲೇಖಕನನ್ನು ವಸ್ತುವಿನಿಂದ ಮಾತ್ರವಲ್ಲ, ಕೇಳುಗರ ನೆನಪಿನಿಂದಲೂ ರೂಪಿಸುತ್ತದೆ ಎಂಬುದಷ್ಟೇ ನಮ್ಮ ಪ್ರತಿಪಾದನೆ.

ಇದರ ಪರಿಣಾಮ ಇಂದಿಗೂ ಉಂಟು. ರಾಯದುರ್ಗ, ಮಡಕಶಿರಗಳಲ್ಲಿ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಕುಮಾರರಾಮ ಕನ್ನಡದ ಪುಸ್ತಕದಲ್ಲಿ, ಸಾರಂಗಧರ ತೆಲುಗಿನ ಪುಸ್ತಕದಲ್ಲಿ ದೊರೆಯುತ್ತಾರೆ. ಇಬ್ಬರೂ ಒಂದೇ ಸೀಮೆಯ ಕಿವಿಗೆ ಬಿದ್ದವರೆಂದು ಯಾವ ಪುಸ್ತಕವೂ ಅವನಿಗೆ ತಿಳಿಸದಿದ್ದರೆ ತನ್ನೂರಿಗೆ ನಾಟಕ ಪರಂಪರೆಯೇ ಇಲ್ಲವೆಂದು ಅವನು ನಂಬಿಯಾನು. ಗಡಿ ತಾಲ್ಲೂಕುಗಳ ಬಯಲಾಟದ ಪಠ್ಯಗಳನ್ನು ಬಳ್ಳಾರಿಯ ತೆಲುಗು ನಾಟಕಗಳ ಜೊತೆಯಿಟ್ಟು ಓದುವ ಕೆಲಸ ಈಗಲಾದರೂ ಮೊದಲಾಗಬೇಕು.